ಮಂಗಳನ ಕಾಲುವೆ, ಮಾರಿಕಣಿವೆಯ ಕಟ್ಟೆ

1897ರ ಏಪ್ರಿಲ್. ಲಂಡನ್ನಿನ ‘ಪಿಯರ್ಸನ್ಸ್’ ಮಾಸಪತ್ರಿಕೆಯಲ್ಲಿ ಎಚ್.ಜಿ. ವೆಲ್ಸ್ ಬರೆದ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಧಾರಾವಾಹಿ ಶುರುವಾಗಿದೆ. ತಮ್ಮ ಗ್ರಹ ತಣ್ಣಗಾಗಿ ಒಣಗುತ್ತಿದೆ ಎಂದು ಕಂಗಾಲಾದ ಮಂಗಳದ ಮಹಾಬುದ್ಧಿವಂತರು ಭೂಮಿಯ ಮೇಲೆ ದಂಡೆತ್ತಿ ಬರುವ ಕತೆ ಅದು. ಅದೇ ವರ್ಷ ಇತ್ತ ಹಿರಿಯೂರಿನ ಬಳಿ, ಎರಡು ಗುಡ್ಡಗಳ ನಡುವೆ ವೇದಾವತಿ ನುಸುಳಿ ಹೋಗುವ ಮಾರಿಕಣಿವೆಯ ಇಕ್ಕಟ್ಟಿನಲ್ಲಿ, ಕಲ್ಲುಕುಟಿಗರ ಸುತ್ತಿಗೆ ಸದ್ದು ಮಾಡತೊಡಗಿದೆ. ಮೈಸೂರಿನ ರಾಜಪ್ರತಿನಿಧಿ ವಾಣಿವಿಲಾಸ ಸನ್ನಿಧಾನದ ಮಹಾರಾಣಿ ಕೆಂಪನಂಜಮ್ಮಣ್ಣಿ, ದಿವಾನ್ ಶೇಷಾದ್ರಿ ಅಯ್ಯರ್. ಒಣಗಿದ ಸೀಮೆಗೆ ನೀರು ನಿಲ್ಲಿಸುವ ಹಟ!

ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧ ಅನ್ನುತ್ತೀರಾ? ಇಪ್ಪತ್ತು ವರ್ಷ ಹಿಂದಕ್ಕೆ ಹೋಗಿ. 1877ರಲ್ಲಿ ಮಂಗಳ ಭೂಮಿಗೆ ತೀರಾ ಹತ್ತಿರ ಬಂದಾಗ ಇಟಲಿಯ ಜೊವಾನ್ನಿ ಸ್ಕಿಯಾಪರೆಲ್ಲಿ ದೂರದರ್ಶಕಕ್ಕೆ ಕಣ್ಣಿಟ್ಟು, ಆ ಕೆಂಪು ಗ್ರಹದ ಮೇಲೆ ನೇರ ನೇರ ಗೆರೆಗಳನ್ನು ಕಂಡರು. ಅದೇ ಹೊತ್ತಿಗೆ ಮೈಸೂರು ಸೀಮೆಯಲ್ಲಿ ಧಾತು-ಈಶ್ವರ ಸಂವತ್ಸರಗಳ ಬರ ಜನರನ್ನು ರಾಶಿ ರಾಶಿಯಾಗಿ ನುಂಗುತ್ತಿತ್ತು. 1871ರಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಗೆ 42 ಲಕ್ಷಕ್ಕೆ ಕುಸಿದಿತ್ತು. ಮೇಲೆ ಆಕಾಶದಲ್ಲಿ ಕಾಲುವೆಗಳು ಕಾಣಿಸಿಕೊಂಡ ವರ್ಷ, ಕೆಳಗೆ ನಮ್ಮ ಕೆರೆಗಳ ತಳ ಬಿರಿದಿತ್ತು.

ಆ ಗೆರೆಗಳ ಬೆನ್ನು ಹತ್ತಿದವರು ಅಮೆರಿಕದ ಸಿರಿವಂತ ಪರ್ಸಿವಲ್ ಲೊವೆಲ್. 1894ರಲ್ಲಿ ಅರಿಜೋನಾದ ಫ್ಲ್ಯಾಗ್‌ಸ್ಟಾಫ್‌ನಲ್ಲಿ ಸ್ವಂತ ವೀಕ್ಷಣಾಲಯವನ್ನೇ ಕಟ್ಟಿಕೊಂಡರು, ಒಂದರ ಹಿಂದೊಂದು ಮೂರು ಪುಸ್ತಕ ಬರೆದರು. ಅವರ ವಾದ ಎಷ್ಟು ಮೋಹಕ ನೋಡಿ: ಮಂಗಳ ಭೂಮಿಗಿಂತ ಬೇಗ ಮುಪ್ಪಾದ ಗ್ರಹ. ಅಲ್ಲಿ ಜೀವ ಮೊದಲು ಹುಟ್ಟಿತು, ಬುದ್ಧಿ ಮೊದಲು ಬಲಿಯಿತು, ನೀರು ಮೊದಲು ಮುಗಿಯಿತು. ಕಡೆಗೆ ಅಲ್ಲಿನವರು ಜಗಳ ಬಿಟ್ಟು ಒಂದಾಗಿ, ಧ್ರುವದ ಹಿಮ ಕರಗಿದ ನೀರನ್ನು ಸಾವಿರಾರು ಮೈಲಿ ದೂರದ ಮರುಭೂಮಿಗೆ ಹರಿಸಲು ಕಾಲುವೆ ತೋಡಿದರು. ಇಷ್ಟಾದರೂ ಅವರು ಅಳಿವಿನ ಅಂಚಿನಲ್ಲಿದ್ದಾರೆ! ವಿಕಾಸ, ವೈಭವ, ನೀರಡಿಕೆ, ವಿನಾಶ. ಮುಂದಿನ ನೂರು ವರ್ಷ ವಿಜ್ಞಾನ ಕತೆಗಾರರು ನಂಬಿಕೊಂಡು ಬಾಳಿದ ಹಂದರ ಇದೇ.

1907ರಲ್ಲಿ ಮಾರಿಕಣಿವೆಯ ಕಲ್ಲಿನ ಕಟ್ಟೆ ಪೂರ್ತಿಯಾಯಿತು. ಅದೇ 1907ರಲ್ಲಿ ಆಲ್‌ಫ್ರೆಡ್ ರಸೆಲ್ ವಾಲೇಸ್, ಡಾರ್ವಿನ್ನನ ಜೊತೆಗೇ ವಿಕಾಸದ ಸೂತ್ರ ಕಂಡ ಅದೇ ವಾಲೇಸ್, ಮಂಗಳದಲ್ಲಿ ಜೀವ ಇರುವುದು ಅಸಾಧ್ಯವೆಂದು ಪುಸ್ತಕವನ್ನೇ ಬರೆದು ಲೊವೆಲ್‌ರನ್ನು ಖಂಡಿಸಿದರು. ಅಷ್ಟು ನೀರನ್ನು ತೆರೆದ ಕಾಲುವೆಯಲ್ಲಿ ಮರುಭೂಮಿ ದಾಟಿಸಿದರೆ ಆವಿಯಾಗದೆ ಉಳಿಯುವುದೆಷ್ಟು ಎಂಬುದು ಅವರ ಪ್ರಶ್ನೆಗಳಲ್ಲೊಂದು. ಹಿರಿಯೂರಿನ ಯಾವ ರೈತನೂ ಕೇಳಬಹುದಾದ ಪ್ರಶ್ನೆ.

ಆಮೇಲೆ? ಮಂಗಳದ ಕಾಲುವೆ ಸುಳ್ಳಾಯಿತು, ನಮ್ಮ ಕಾಲುವೆ ನಿಜವಾಗುತ್ತಿದೆ! ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಮಲೆನಾಡಿನ ನೀರನ್ನು ಪಂಪು ಮಾಡಿ ಮೇಲೆತ್ತಿ, ಅಜ್ಜಂಪುರದ ಬಳಿ ಸುಮಾರು ಏಳು ಕಿಲೋಮೀಟರ್ ಸುರಂಗ ಕೊರೆದು, ಬಯಲುಸೀಮೆಯತ್ತ ತಿರುಗಿಸಿದ್ದಾರೆ. ಆ ನೀರು ವೇದಾವತಿಗೆ ಬಿದ್ದು, ಹೊಸದುರ್ಗದ ತೆಂಗಿನ ತೋಟಗಳ ಸೀಮೆ ಹಾದು, ಮಾರಿಕಣಿವೆಯ ಕಟ್ಟೆಯ ಹಿಂದಿನ ವಾಣಿವಿಲಾಸ ಸಾಗರ ಸೇರುತ್ತದೆ. 1933ರಲ್ಲಿ ಒಮ್ಮೆ ಕೋಡಿ ಬಿದ್ದಿದ್ದ ಜಲಾಶಯ ಮತ್ತೆ ಕೋಡಿ ಹರಿದದ್ದು 89 ವರ್ಷಗಳ ನಂತರ, 2022ರಲ್ಲಿ. ಮುಂದಿನ ಸಲಕ್ಕೆ ಅಷ್ಟು ಕಾಯಬೇಕಾಗಲಿಲ್ಲ, 2025ರ ಜನವರಿಯಲ್ಲೇ ತುಂಬಿತು. ಕೋಡಿ ನೋಡಲು ಸಾಲುಗಟ್ಟಿದ ಜನರ ಮುಖದಲ್ಲಿದ್ದ ಬೆರಗನ್ನು ಲೊವೆಲ್ ಕಂಡಿದ್ದರೆ, ತಮ್ಮ ಮಂಗಳದವರು ಸಿಕ್ಕರೆಂದು ಕುಣಿದಾಡುತ್ತಿದ್ದರೇನೋ.

ಮಂಗಳದ ನಾಗರಿಕತೆ ಅಳಿದ ದಿನಾಂಕ ಕೂಡ ನಮಗೆ ಗೊತ್ತು. 1965ರ ಜುಲೈನಲ್ಲಿ ಮ್ಯಾರಿನರ್-4 ನೌಕೆ ಆ ಗ್ರಹದ ಪಕ್ಕದಲ್ಲೇ ಹಾದು 22 ಚಿತ್ರ ತೆಗೆಯಿತು. ಬರೀ ಕುಳಿಗಳು! ಕಾಲುವೆ ಇಲ್ಲ, ಊರಿಲ್ಲ, ಪೈರಿನ ಪಟ್ಟಿ ಇಲ್ಲ. ಪುಸ್ತಕಗಳಲ್ಲಿ ಎಂಬತ್ತು ವರ್ಷ ಬಾಳಿದ್ದ ಒಂದು ಲೋಕ ಇಪ್ಪತ್ತೆರಡು ಕಪ್ಪುಬಿಳುಪು ಚಿತ್ರಗಳಲ್ಲಿ ಅಳಿಸಿಹೋಯಿತು.

ಕತೆಗಾರರೇನು ಸುಮ್ಮನೆ ಕೂರಲಿಲ್ಲ. ಅಳಿದ ನಾಗರಿಕತೆಗಳನ್ನು ಮತ್ತಷ್ಟು ದೂರಕ್ಕೆ ಸಾಗಿಸಿದರು. ರೇ ಬ್ರಾಡ್ಬರಿಯ ಮಂಗಳದವರು 1950ರಲ್ಲೇ ಭೂಮಿಯಿಂದ ಹೋದ ಸಿತಾಳೆಗೆ ಬಲಿಯಾಗಿದ್ದರು. ‘ಫರ್ಬಿಡನ್ ಪ್ಲಾನೆಟ್’ (1956) ಚಿತ್ರದ ಕ್ರೆಲ್ ಜನಾಂಗ ಮನಸ್ಸಿನಲ್ಲಿ ನೆನೆದದ್ದನ್ನು ನಿಜ ಮಾಡುವ ಯಂತ್ರ ಕಟ್ಟಿ, ತಮ್ಮ ಮನದಾಳದ ಕ್ರೌರ್ಯಕ್ಕೇ ತುತ್ತಾಗಿ ಒಂದೇ ರಾತ್ರಿಯಲ್ಲಿ ನಾಶವಾಯಿತು. ಆರ್ಥರ್ ಸಿ. ಕ್ಲಾರ್ಕ್ ‘ದಿ ಸ್ಟಾರ್’ (1955) ಕತೆಯಲ್ಲಿ ತಾರೆಯನ್ನೇ ಸಿಡಿಸಿ ಒಂದು ಸುಂದರ ಜನಾಂಗವನ್ನು ಸುಟ್ಟರು. ಚೀನಾದ ಲಿಯು ಸಿಶಿನ್ 2008ರ ‘ದಿ ಡಾರ್ಕ್ ಫಾರೆಸ್ಟ್’ನಲ್ಲಿ, ಬಾಯಿ ಬಿಟ್ಟವರನ್ನೆಲ್ಲ ಬೇರೆಯವರು ಮುಗಿಸುತ್ತಾರೆ, ಅದಕ್ಕೇ ಬ್ರಹ್ಮಾಂಡ ಮೌನವಾಗಿದೆ ಎಂದರು. ಬರಗಾಲದ ಕಾಲದಲ್ಲಿ ನೀರಿಲ್ಲದೆ ಸತ್ತರು, ಅಣುಬಾಂಬಿನ ಕಾಲದಲ್ಲಿ ತಮ್ಮ ಶಕ್ತಿಗೇ ಸತ್ತರು, ಎಲ್ಲರೂ ಎಲ್ಲರನ್ನೂ ಅನುಮಾನಿಸುವ ಈ ಕಾಲದಲ್ಲಿ ಸದ್ದು ಮಾಡಿ ಸಾಯುತ್ತಾರೆ. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರು ಈ ದಾರಿ ತುಳಿದ ಮೊದಲಿಗರ ಸಾಲಿನವರು. ಚಿತ್ರದುರ್ಗದವರಿಗೆ ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ ಬಿಡಿ, ತ.ರಾ.ಸು. ಅವರ ‘ದುರ್ಗಾಸ್ತಮಾನ’ ಕಾದಂಬರಿ ಇದೆ. ಒಂದು ಲೋಕ ಮುಳುಗುವುದನ್ನು ಹೇಗೆ ಬರೆಯಬೇಕು ಎಂದು ಕಲಿಯುವವರು ಅದನ್ನು ಓದಲಿ.

ನನ್ನನ್ನು ನಿದ್ದೆಗೆಡಿಸಿದ್ದು ಮಾತ್ರ 2018ರ ಒಂದು ಪ್ರಬಂಧ. ನಾಸಾದ ಹವಾಮಾನ ವಿಜ್ಞಾನಿ ಗ್ಯಾವಿನ್ ಶ್ಮಿಟ್ ಮತ್ತು ಖಗೋಳ ಭೌತವಿಜ್ಞಾನಿ ಆಡಮ್ ಫ್ರ್ಯಾಂಕ್ ಒಂದು ತಲೆಹರಟೆ ಪ್ರಶ್ನೆ ಹಾಕಿಕೊಂಡರು. ನಮಗಿಂತ ಕೋಟ್ಯಂತರ ವರ್ಷ ಮೊದಲು ಇದೇ ಭೂಮಿಯ ಮೇಲೆ ಕೈಗಾರಿಕಾ ನಾಗರಿಕತೆಯೊಂದು ಇದ್ದು ಅಳಿದಿದ್ದರೆ, ಅದು ನಮಗೆ ಗೊತ್ತಾಗುತ್ತಿತ್ತೇ? ಅದಕ್ಕೆ ‘ಸೈಲೂರಿಯನ್ ಊಹೆ’ ಎಂದು ಹೆಸರಿಟ್ಟರು. 1970ರಲ್ಲಿ ಬ್ರಿಟನ್ನಿನ ‘ಡಾಕ್ಟರ್ ಹೂ’ ಟಿ.ವಿ. ಧಾರಾವಾಹಿಯಲ್ಲಿ ಬಂದ, ನೆಲದಡಿ ಮಲಗಿದ್ದ ಬುದ್ಧಿವಂತ ಸರೀಸೃಪಗಳ ಹೆಸರು ಅದು! ಅವರು ಕಂಡುಕೊಂಡ ಉತ್ತರ ಬೆಚ್ಚಿಬೀಳಿಸುವಂಥದ್ದು. ಕೆಲವು ಕೋಟಿ ವರ್ಷ ಕಳೆದರೆ ಊರು, ರಸ್ತೆ, ಅಣೆಕಟ್ಟು ಏನೂ ಉಳಿಯುವುದಿಲ್ಲ. ನೆಲ ತಿರುವುಮುರುವಾಗಿ, ಸವೆದು, ಹೂತುಹೋಗಿರುತ್ತದೆ. ಉಳಿದರೆ ಉಳಿಯುವುದು ಬಂಡೆಯ ಪದರದಲ್ಲೊಂದು ರಾಸಾಯನಿಕ ಗುರುತು, ಅಷ್ಟೇ: ಇಂಗಾಲದ ಐಸೊಟೋಪ್‌ಗಳ ಪ್ರಮಾಣದಲ್ಲಿ ಏರುಪೇರು, ಪ್ಲಾಸ್ಟಿಕ್ಕಿನ ಕಣ, ಪ್ಲುಟೋನಿಯಮ್ಮಿನ ಚೂರು.

ಹಾಗಾದರೆ ಕೋಟ್ಯಂತರ ವರ್ಷ ಹಳೆಯ ಬಂಡೆಯನ್ನು ಮುಟ್ಟಿ ನೋಡಬೇಕು. ಎಲ್ಲಿ ಸಿಗುತ್ತದೆ?

ನಮ್ಮ ಜಿಲ್ಲೆಯಲ್ಲೇ! ಚಿತ್ರದುರ್ಗದಿಂದ ಹಿರಿಯೂರಿನ ದಿಕ್ಕಿಗೆ ಹೊರಟು ಐಮಂಗಲದ ಆಸುಪಾಸಿನ ಮರಡಿಹಳ್ಳಿಗೆ ಬನ್ನಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿರುವ ಜಾಗ. ಮೊದಲ ನೋಟಕ್ಕೆ ಕುರಿ ಮೇಯಿಸುವ ಕಲ್ಲುಗುಡ್ಡ. ಬಗ್ಗಿ ನೋಡಿದರೆ ಎದೆ ಝಲ್ಲೆನ್ನುತ್ತದೆ. ಹಸಿರುಗಪ್ಪು ಬಂಡೆಯ ತುಂಬ ಉಬ್ಬುಬ್ಬಾದ ಮುದ್ದೆಗಳು, ಒಂದಕ್ಕೊಂದು ಅಂಟಿಕೊಂಡು, ಮೇಲಿನದು ಕೆಳಗಿನ ಎರಡರ ನಡುವಿನ ಸಂದಿಗೆ ಇಳಿಬಿದ್ದು ಕೂತಿವೆ. ಪ್ರತಿಯೊಂದರ ಅಂಚಿಗೂ ಬೇರೆ ಛಾಯೆಯ ತೆಳು ಸಿಪ್ಪೆ. ಇದು ದಿಂಬು ಲಾವಾ. ಕುದಿಯುವ ಶಿಲಾರಸ ನೀರಿನೊಳಗೆ ಉಕ್ಕಿದಾಗ ಮಾತ್ರ ಹೀಗಾಗುತ್ತದೆ: ಹೊರಮೈ ತಟ್ಟನೆ ತಣಿದು ಗಾಜುಗಟ್ಟುತ್ತದೆ, ಒಳಗಿನ ರಸ ಸಿಪ್ಪೆ ಒಡೆದು ಮತ್ತೊಂದು ಉಂಡೆಯಾಗಿ ಉಕ್ಕುತ್ತದೆ. ಅಂದರೆ ಈ ಜಾಲಿ ಬೆಳೆದ, ಮಳೆಗೆ ಬಾಯ್ಬಿಟ್ಟು ಕೂತ ನೆಲ ಒಂದು ಕಾಲಕ್ಕೆ ಕಡಲ ತಳ! ವಯಸ್ಸು ಸುಮಾರು 250 ಕೋಟಿ ವರ್ಷ. ಅಂಗೈಯನ್ನು ಆ ಸಿಪ್ಪೆಯ ಮೇಲಿಟ್ಟರೆ, ಕಡಲ ನೀರು ಆ ಬಿಸಿ ಲಾವಾವನ್ನು ಮುಟ್ಟಿದ ಗಳಿಗೆಯನ್ನೇ ಮುಟ್ಟಿದಂತೆ.

ಜಗತ್ತಿನ ಭೂವಿಜ್ಞಾನಿಗಳಿಗೆ ‘ಚಿತ್ರದುರ್ಗ’ ಎಂದರೆ ಕೋಟೆಯಲ್ಲ, ಶಿಲಾಪಟ್ಟಿ. ಅದರೊಳಗಿನ ಪದರಗಳ ಹೆಸರು ಕೇಳಿ: ವಾಣಿವಿಲಾಸ ಸ್ತರ, ಇಂಗಳದಾಳು ಸ್ತರ, ಹಿರಿಯೂರು ಸ್ತರ. ನಮ್ಮ ಬಸ್ ಸ್ಟ್ಯಾಂಡಿನ ಬೋರ್ಡಿನಲ್ಲಿರುವ ಹೆಸರುಗಳನ್ನು ಆದಿಕಾಲದ ಭೂಮಿಯನ್ನು ಓದುವವರೆಲ್ಲ ಜಪಿಸುತ್ತಾರೆ! ಈ ಪಟ್ಟಿಯ ಸುಣ್ಣದ ಬಂಡೆಗಳಲ್ಲಿ 1980ರ ದಶಕದಲ್ಲಿ ವಿಜ್ಞಾನಿಗಳು ಸ್ಟ್ರೊಮ್ಯಾಟೊಲೈಟ್‌ಗಳನ್ನು ಗುರುತಿಸಿ ವರದಿ ಮಾಡಿದರು. ಎಲೆಕೋಸನ್ನು ಅಡ್ಡಕ್ಕೆ ಕೊಯ್ದಾಗ ಕಾಣುವಂಥ ಪದರ ಪದರ ಬಾಗುಗಳು. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳು ಚಾಪೆ ಹಾಸಿಕೊಂಡು ಬದುಕಿ, ಮೇಲೆ ಬಿದ್ದ ಕೆಸರನ್ನು ಹಿಡಿದು, ಬೆಳಕು ಹುಡುಕುತ್ತ ಒಂದು ಪದರ ಮೇಲೇರಿ, ಮತ್ತೆ ಚಾಪೆ ಹಾಸಿ ಕಟ್ಟಿದ ಮಹಡಿಗಳು. ಈ ಜಿಲ್ಲೆಯ ಮೊದಲ ಕಟ್ಟಡಗಾರರು ಅವರೇ. ಮಂಗಳದ ಜೆಜೆರೊ ಕುಳಿಯಲ್ಲಿ ಇಳಿದ ಪರ್ಸೆವೆರೆನ್ಸ್ ರೋವರ್ ಚಕ್ರ ಉರುಳಿಸುತ್ತ ಹುಡುಕುತ್ತಿರುವುದೂ ಇಂಥವರ ಗುರುತುಗಳನ್ನೇ. ಲೊವೆಲ್ ಕಾಲುವೆ ತೋಡುವ ಎಂಜಿನಿಯರುಗಳನ್ನು ಹುಡುಕಿದರು, ನಾವು ಕೆಸರಿನ ಕಲೆಗಳನ್ನು ಹುಡುಕುತ್ತಿದ್ದೇವೆ. ಇದರಲ್ಲೇನೂ ಸಣ್ಣತನ ಇಲ್ಲ, ಯಾಕೆ ಹೇಳುತ್ತೇನೆ ಕೇಳಿ.

ಚಿತ್ರದುರ್ಗ-ಹೊಳಲ್ಕೆರೆ ಕಡೆಯ ಗಣಿಗಳಿಂದ ಕೆಂಪು ದೂಳೆಬ್ಬಿಸುತ್ತ ಬರುವ ಲಾರಿಗಳನ್ನು ನೋಡಿಯೇ ಇರುತ್ತೀರಿ. ಆ ಕಬ್ಬಿಣದ ಅದಿರಿನ ಮೂಲ, ಪಟ್ಟೆ ಪಟ್ಟೆಯಾದ ಕಡಲ ಬಂಡೆ. ಆದಿಕಾಲದ ಕಡಲಿನಲ್ಲಿ ಕಬ್ಬಿಣ ಕರಗಿಕೊಂಡಿತ್ತು. ಬೆಳಕನ್ನು ಉಂಡು ಬದುಕುವ ಸೂಕ್ಷ್ಮಜೀವಿಗಳ ಚಟುವಟಿಕೆಯಿಂದ ಅದು ತುಕ್ಕಾಗಿ ತಳ ಸೇರಿತು ಎಂಬುದು ಬಹುಪಾಲು ಭೂವಿಜ್ಞಾನಿಗಳು ಒಪ್ಪುವ ವಿವರಣೆ. ಕೊನೆಗೆ ಸುಮಾರು 240 ಕೋಟಿ ವರ್ಷಗಳ ಹಿಂದೆ ಆ ಜೀವಿಗಳು ಹೊರಬಿಟ್ಟ ಆಮ್ಲಜನಕ ಗಾಳಿಗೂ ನುಗ್ಗಿ ಭೂಮಿಯ ಇಡೀ ವಾತಾವರಣವನ್ನೇ ಬದಲಿಸಿತು. ಆಗಿನ ಬಹುಪಾಲು ಜೀವಿಗಳಿಗೆ ಆಮ್ಲಜನಕ ವಿಷ! ಯಾವ ಕತೆಗಾರನೂ ಊಹಿಸದ ನಾಗರಿಕತೆ ಇದು: ಮೆದುಳಿಲ್ಲ, ಯುದ್ಧವಿಲ್ಲ, ಯಂತ್ರವಿಲ್ಲ, ಆದರೂ ಗ್ರಹದ ಗಾಳಿಯನ್ನೇ ಬದಲಿಸಿ ಹೋಯಿತು. ಅವುಗಳ ತ್ಯಾಜ್ಯವನ್ನು ನಾವು ಟನ್ನಿನ ಲೆಕ್ಕದಲ್ಲಿ ಅಗೆದು ಮಾರುತ್ತಿದ್ದೇವೆ.

ಆ ವಿಷಕ್ಕೆ ಸೋತವರು ಏನಾದರು? ಅಳಿದರೇ? ಹೊಸದುರ್ಗದ ಯಾವುದಾದರೂ ಕೊಟ್ಟಿಗೆಗೆ ಹೋಗಿ, ಮೆಲುಕು ಹಾಕುತ್ತಿರುವ ಹಸುವನ್ನು ನೋಡಿ. ಅದರ ಹೊಟ್ಟೆಯ ಗಾಳಿಯಾಡದ ಕತ್ತಲಲ್ಲಿ ಮಿಥೇನ್ ತಯಾರಿಸುತ್ತ ಕೂತಿರುವವರು ಆಮ್ಲಜನಕ ಸೋಕಿದರೆ ಉಳಿಯದ ಆ ಹಳೆಯ ಬಣದವರೇ. ಗೋಬರ್ ಗ್ಯಾಸಿನ ತೊಟ್ಟಿಯೊಳಗೂ ಅವರೇ. ಸಾಮ್ರಾಜ್ಯ ಹೋಯಿತು, ಸಂತತಿ ಉಳಿಯಿತು!

ಇಲ್ಲಿಂದ ನನಗೆ ವಿಜ್ಞಾನ ಕತೆಗಳ ಮೇಲೆ ಒಂದು ತಕರಾರು ಹುಟ್ಟಿಕೊಂಡಿದೆ. ಅವುಗಳಲ್ಲಿ ನಾಗರಿಕತೆಗಳು ಮಾಯವಾಗುವುದು ಬಹಳ ನಾಟಕೀಯವಾಗಿ: ನಿನ್ನೆ ಇದ್ದರು, ಇಂದು ಇಲ್ಲ, ಉಂಡ ಬಟ್ಟಲು ಮೇಜಿನ ಮೇಲೇ ಇದೆ. ನಿಜವಾಗಿ ಹಾಗಾಗುತ್ತದೆಯೇ? ಜಿಲ್ಲೆಯ ಇನ್ನೊಂದು ತುದಿ, ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಗೆ ನಡೆಯಿರಿ.

1947, ಸ್ವಾತಂತ್ರ್ಯ ಬಂದ ವರ್ಷ. ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಮಹಾನಿರ್ದೇಶಕ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯಲ್ಲೂ ಚಿತ್ರದುರ್ಗದ ಬೆನ್ನಿಗಿರುವ ಚಂದ್ರವಳ್ಳಿಯಲ್ಲೂ ಅಗೆಸಿದರು. ಚಂದ್ರವಳ್ಳಿಯನ್ನು 1929ರಲ್ಲೇ ಅಗೆಸಿ ದಾರಿ ತೋರಿದ್ದವರು ಮೈಸೂರಿನ ಡಾ. ಎಂ.ಎಚ್. ಕೃಷ್ಣ. ಅಲ್ಲಿ ಸಿಕ್ಕ ವಸ್ತುಗಳನ್ನು ನೋಡಿದರೆ ತಲೆ ತಿರುಗುತ್ತದೆ: ಶಾತವಾಹನರ ಸೀಸದ ನಾಣ್ಯಗಳ ಜೊತೆಗೆ ರೋಮನ್ ಚಕ್ರವರ್ತಿಗಳಾದ ಆಗಸ್ಟಸ್, ಟೈಬೀರಿಯಸರ ಮುಖವಿರುವ ಬೆಳ್ಳಿ ನಾಣ್ಯಗಳು! ರೋಮನ್ನರ ಟಂಕಸಾಲೆಯ ಗಾಳಿಗಂಧವೇ ಗೊತ್ತಿಲ್ಲದ ಯಾರದೋ ಕೈಯಿಂದ ಈ ಬೆಟ್ಟದ ಬುಡದಲ್ಲಿ ಜಾರಿಬಿದ್ದವು. ವ್ಹೀಲರ್ ಅಂಥ ನಾಣ್ಯಗಳನ್ನೂ, ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ತಾವೇ ಗುರುತಿಸಿದ್ದ ಮಡಕೆಗಳನ್ನೂ ಗೂಟವಾಗಿ ನೆಟ್ಟುಕೊಂಡು, ಬ್ರಹ್ಮಗಿರಿಯ ಪದರಗಳಿಗೆ ಕಾಲ ನಿಗದಿ ಮಾಡಿದರು. ಕೆಳಗೆ ಕಲ್ಲುಕೊಡಲಿಯ ಜನ, ಅದರ ಮೇಲೆ ಬೃಹತ್ ಶಿಲಾಗೋರಿಗಳ ಕಬ್ಬಿಣದ ಜನ, ಅದರ ಮೇಲೆ ಶಾತವಾಹನರ ಕಾಲದವರು. ಕಬ್ಬಿಣ ಹಿಡಿದು ಹೊರಗಿಂದ ಬಂದವರು ಕಲ್ಲುಕೊಡಲಿಯವರ ಮೇಲೆ ಏರಿಬಂದರು ಎಂಬಂತೆ ಅವರ ಕಥನ ಸಾಗಿತು. ವೆಲ್ಸ್‌ನ ಮಂಗಳದವರ ಹಾಗೆಯೇ!

ಆಮೇಲೆ ರೇಡಿಯೊಕಾರ್ಬನ್ ಬಂತು. ದಕ್ಷಿಣದ ನವಶಿಲಾಯುಗದ ಆರಂಭ ಕ್ರಿ.ಪೂ. 3000ದ ಆಸುಪಾಸಿಗೆ ಹಾರಿತು. ಕಬ್ಬಿಣವೂ ಗೋರಿಗಳೂ ವ್ಹೀಲರ್ ಹೇಳಿದ್ದಕ್ಕಿಂತ ಸಾವಿರ ವರ್ಷಕ್ಕೂ ಹಿಂದೆ ಸರಿದವು. ದಿಢೀರ್ ದಾಳಿಗೆ ಜಾಗವೇ ಉಳಿಯಲಿಲ್ಲ. ಒಂದು ಪದರದ ಮಡಕೆ ಇನ್ನೊಂದು ಪದರದಲ್ಲಿ ಬೆರೆತಿರುವುದನ್ನು ವ್ಹೀಲರರೇ ದಾಖಲಿಸಿದ್ದರು. ಕೊಡಲಿ ಕಲ್ಲಿನಿಂದ ಕಬ್ಬಿಣಕ್ಕೆ ಬಂತು, ಬಟ್ಟಲು ಬೂದುಬಣ್ಣದಿಂದ ಕಪ್ಪು-ಕೆಂಪಿಗೆ ತಿರುಗಿತು, ಹೂಳುವ ರೀತಿ ಬದಲಾಯಿತು. ತಲೆಮಾರುಗಳುದ್ದಕ್ಕೂ ಯಾರಿಗೂ ತಾವು ‘ಅಳಿಯುತ್ತಿದ್ದೇವೆ’ ಎಂದು ಅನ್ನಿಸಿರಲಿಕ್ಕಿಲ್ಲ. ಮಾಯವಾಗುವುದು ಎಷ್ಟೋ ಸಲ ಅಗೆಯುವವನ ಕಣ್ಣಿಗೆ ಮಾತ್ರ.

ಹಾಗೆಂದು ಎಲ್ಲವೂ ಮೆಲ್ಲಗೇ ಮುಗಿಯುತ್ತದೆ ಎಂದಲ್ಲ. 1568ರಿಂದ ಆಳಿದ ದುರ್ಗದ ನಾಯಕರ ವಂಶ 1779ರಲ್ಲಿ ಹೈದರಾಲಿಯ ಕೈಗೆ ಬಿತ್ತು. ಒನಕೆ ಓಬವ್ವನ ಕಿಂಡಿಯ ಕತೆ ನಾನು ಹೇಳಬೇಕಿಲ್ಲ. ಕೋಟೆಯೊಳಗೆ ನನ್ನನ್ನು ಕಟ್ಟಿಹಾಕುವುದು ಮದ್ದು ಬೀಸುವ ಕಲ್ಲುಗಳು: ತಗ್ಗಿನಲ್ಲಿ ಕೂರಿಸಿದ ನಾಲ್ಕು ದೈತ್ಯ ಬೀಸುಗಲ್ಲುಗಳು, ಸಿಡಿಮದ್ದು ಅರೆಯಲು. ಭಾಷೆ, ಚರಿತ್ರೆ ಎಲ್ಲ ಮರೆತ ಮೇಲೆ ಯಾವನೋ ಪರಗ್ರಹದ ಪಂಡಿತ ಬಂದು ಇದನ್ನು ಅಗೆದನೆನ್ನಿ. ‘ಇಲ್ಲಿನವರು ರಾಗಿಮುದ್ದೆ ಪ್ರಿಯರು, ಸಾಮೂಹಿಕ ಹಿಟ್ಟಿನ ಗಿರಣಿ ಪತ್ತೆ’ ಎಂದು ವರದಿ ಬರೆಯುತ್ತಾನೆ! ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆ ಹೊಂಡಕ್ಕೆ ನೀರು ಇಳಿಯುವ ಏರ್ಪಾಟನ್ನು ಮಾತ್ರ ಅವನು ಸರಿಯಾಗಿ ಓದುತ್ತಾನೆ. ನೀರಿನ ಲೆಕ್ಕ ಯಾವ ಗ್ರಹದವನಿಗೂ ಅರ್ಥವಾಗುತ್ತದೆ.

ಬರವಣಿಗೆಯದು ಬೇರೆಯೇ ಕತೆ. ಬ್ರಹ್ಮಗಿರಿಯ ಬಂಡೆಯೊಂದನ್ನು ಊರವರು ಅಕ್ಷರಗುಂಡು ಎನ್ನುತ್ತಿದ್ದರು. ಅಕ್ಷರವೆಂದು ಗೊತ್ತು, ಏನೆಂದು ಗೊತ್ತಿಲ್ಲ. ಬ್ರಾಹ್ಮಿ ಲಿಪಿಯನ್ನು ಓದುವುದನ್ನು ನಾಡಿಗೆ ನಾಡೇ ಮರೆತು ಶತಮಾನಗಳಾಗಿದ್ದವು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಕಲ್ಕತ್ತೆಯಲ್ಲಿ ಅದರ ಬೀಗ ತೆರೆದರು, 1892ರಲ್ಲಿ ಬಿ.ಎಲ್. ರೈಸ್ ಈ ಬಂಡೆಯ ಮುಂದೆ ಬಂದು ನಿಂತರು. ಅಶೋಕನ ಶಾಸನ! ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಕ್ರಿ.ಪೂ. 3ನೇ ಶತಮಾನದಲ್ಲಿ ಬಂದ ಆಜ್ಞೆ. ಅದನ್ನು ಬರೆದವನು ಚಪಡ ಎಂಬ ಲಿಪಿಕಾರ. ಕೊನೆಯಲ್ಲಿ ತನ್ನ ಕಸುಬನ್ನು ಹೇಳುವ ಒಂದೇ ಒಂದು ಪದವನ್ನು ಅವನು ಬ್ರಾಹ್ಮಿಯಲ್ಲಿ ಬರೆಯಲಿಲ್ಲ. ಗಾಂಧಾರದ ಕಡೆ, ಭರತಖಂಡದ ಆ ತುದಿಯಲ್ಲಿ ಬಳಕೆಯಲ್ಲಿದ್ದ, ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದ! ಈ ಸೀಮೆಯಲ್ಲಿ ಅದನ್ನು ಓದಬಲ್ಲವರು ಆಗಲೂ ಇದ್ದಿರಲಾರರು. ಯಾರಿಗೆ ತೋರಿಸಲು ಬರೆದನೋ! ದೂರದಿಂದ ಬಂದವನೊಬ್ಬನ ಜಂಬವೋ, ಊರಿನ ನೆನಪೋ.

ಚಪಡನ ಕೆಲಸವನ್ನು ನಾವೂ ಮಾಡಿದ್ದೇವೆ. 1977ರಲ್ಲಿ ಹೊರಟ ಎರಡು ವಾಯೇಜರ್ ನೌಕೆಗಳಿಗೆ ಚಿನ್ನದ ಲೇಪದ ಧ್ವನಿತಟ್ಟೆ ಅಂಟಿಸಿ, 55 ಭಾಷೆಗಳಲ್ಲಿ ಶುಭಾಶಯ ತುಂಬಿ ಕಳಿಸಿದರು. ಅವುಗಳಲ್ಲಿ ಕನ್ನಡವೂ ಇದೆ! 2012ರಲ್ಲಿ ವಾಯೇಜರ್-1 ಸೂರ್ಯನ ಗಾಳಿಯ ಎಲ್ಲೆ ದಾಟಿ ತಾರೆಗಳ ನಡುವಿನ ಬಯಲಿಗೆ ಹೋಯಿತು. ಇತ್ತ ಚಳ್ಳಕೆರೆಯ ಬಳಿಯ ರನ್‌ವೇ ಮೇಲೆ 2023ರ ಏಪ್ರಿಲ್ 2ರಂದು ಇಸ್ರೊ ತನ್ನ ಮರುಬಳಕೆಯ ಉಡಾವಣಾ ವಾಹನದ ಮಾದರಿಯನ್ನು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಕೈಬಿಟ್ಟು, ತಾನೇ ತಾನಾಗಿ ಇಳಿಯುವಂತೆ ಮಾಡಿತು. ಕಲ್ಲುಕೊಡಲಿಯವರ ಸೀಮೆಯಲ್ಲಿ ಆಕಾಶದಿಂದ ಚಾಲಕನಿಲ್ಲದ ರೆಕ್ಕೆ ಇಳಿದ ದಿನ ಅದು. ವಿಜ್ಞಾನ ಕತೆ ಯಾವುದು, ಜಿಲ್ಲಾ ವಾರ್ತೆ ಯಾವುದು ಎಂದು ಗೊತ್ತಾಗದ ಸ್ಥಿತಿ ನಮ್ಮದು.

ವಾಯೇಜರ್-1 ಇನ್ನು ಸುಮಾರು 40 ಸಾವಿರ ವರ್ಷಗಳಲ್ಲಿ ಗ್ಲೀಸ 445 ಎಂಬ ತಾರೆಗೆ ಎರಡು ಜ್ಯೋತಿರ್ವರ್ಷಕ್ಕಿಂತ ಹತ್ತಿರ ಹಾದುಹೋಗಲಿದೆ. ಆ ತಟ್ಟೆ ಬಾಹ್ಯಾಕಾಶದ ನಿರ್ವಾತದಲ್ಲಿ ನೂರು ಕೋಟಿ ವರ್ಷ ಉಳಿಯಬಹುದೆಂಬ ಅಂದಾಜಿದೆ. ಮಾರಿಕಣಿವೆಯ ಕಟ್ಟೆಗೂ ದುರ್ಗದ ಕೋಟೆಗೂ ಆ ಆಯಸ್ಸಿಲ್ಲ. ಯಾರಾದರೂ ಹಿಡಿದು ಮುಳ್ಳಿಟ್ಟು ಕೇಳಿದರೆ, ಅಳಿದ ಮಹಾ ನಾಗರಿಕತೆ ಎಂದು ಅವರು ಬರೆಯುವ ಕತೆಯೊಳಗಿನ ಪರಗ್ರಹದವರು ನಾವೇ! ಐವತ್ತೈದು ದನಿಗಳಲ್ಲಿ ಕನ್ನಡ ಯಾವುದೆಂದು ಅವರ ಪಂಡಿತರು ಜಗಳವಾಡಲಿ. ‘ಈ ಗ್ರಹದಲ್ಲಿ 55 ಬಗೆಯ ಪ್ರಾಣಿಗಳಿದ್ದವು, ಎಲ್ಲವೂ ಒಂದರಮೇಲೊಂದು ಕೂಗಾಡುತ್ತಿದ್ದವು’ ಎಂದು ಯಾರೋ ಒಬ್ಬ ಡಾಕ್ಟರೇಟ್ ಪಡೆಯುತ್ತಾನೆ, ನೋಡುತ್ತಿರಿ.